ಸುಳಿವು ಗಡಿ ದಾಟಿ ಬರುತ್ತದೆ, ಮಗು ಎಷ್ಟು ಸಲ ಹೇಳಬೇಕು?

2004ರಲ್ಲಿ ಜರ್ಮನಿಯ ಪೊಲೀಸರಿಗೆ ಇಂಟರ್ನೆಟ್‌ನಲ್ಲಿ ಒಂದಷ್ಟು ಫೋಟೊ ಸಿಕ್ಕವು. ಒಬ್ಬ ಗಂಡಸು ಚಿಕ್ಕ ಹುಡುಗರ ಮೇಲೆ ದೌರ್ಜನ್ಯ ಮಾಡುತ್ತಿದ್ದ ಫೋಟೊಗಳು. ಹುಡುಗರ ಮುಖ ಮುಚ್ಚಿರಲಿಲ್ಲ, ತನ್ನ ಮುಖವನ್ನು ಮಾತ್ರ ಆತ ಕಂಪ್ಯೂಟರಿನಲ್ಲಿ ಸುಳಿಯ ಹಾಗೆ ತಿರುಚಿದ್ದ. ಜರ್ಮನ್ ತಜ್ಞರು ಆ ಸುಳಿಯನ್ನು ಹಿಂದಕ್ಕೆ ಬಿಚ್ಚಿ ಮುಖ ತೆಗೆದರು. ಮುಖವೇನೋ ಸಿಕ್ಕಿತು, ಆದರೆ ಅದು ಯಾರದು? ಯಾವ ದೇಶದವನು? ಫೋಟೊ ತೆಗೆದ ಜಾಗ ವಿಯೆಟ್ನಾಂ ಮತ್ತು ಕಾಂಬೋಡಿಯಾ ಅನ್ನುವಷ್ಟು ತಿಳಿಯಿತು. ಹೆಸರು ಮಾತ್ರ ಗೊತ್ತಾಗಲಿಲ್ಲ.

2007ರ ಅಕ್ಟೋಬರ್‌ನಲ್ಲಿ ಇಂಟರ್‌ಪೋಲ್ ತಾನು ಹಿಂದೆ ಎಂದೂ ಮಾಡದ ಕೆಲಸ ಮಾಡಿತು. ಆ ಮುಖವನ್ನು ಜಗತ್ತಿನ ಮುಂದಿಟ್ಟು, ಇವನನ್ನು ಯಾರಾದರೂ ಬಲ್ಲಿರಾ ಎಂದು ಕೇಳಿತು. ನೂರಾರು ಜನ ಉತ್ತರ ಬರೆದರು. ಆತ ಕೆನಡಾದ ಕ್ರಿಸ್ಟೋಫರ್ ಪಾಲ್ ನೀಲ್. ದಕ್ಷಿಣ ಕೊರಿಯಾದಲ್ಲಿ ಮೇಷ್ಟ್ರಾಗಿದ್ದ. ಸುದ್ದಿ ಹೊರಬಿದ್ದ ಕೂಡಲೇ ಬ್ಯಾಂಕಾಕ್‌ಗೆ ವಿಮಾನ ಹತ್ತಿದ್ದ. ಮನವಿ ಹೊರಟ ಹನ್ನೊಂದನೇ ದಿನಕ್ಕೆ ಥಾಯ್ಲೆಂಡಿನ ಪೊಲೀಸರು ಅವನನ್ನು ಹಿಡಿದರು. ಅಲ್ಲಿ ಜೈಲು ಮುಗಿಸಿ ಕೆನಡಾಕ್ಕೆ ವಾಪಸಾದ ಮೇಲೆ, ಕಾಂಬೋಡಿಯಾದಲ್ಲಿ ಮಾಡಿದ ಅಪರಾಧಕ್ಕೆ ಕೆನಡಾದ ಕೋರ್ಟೂ ಶಿಕ್ಷೆ ಕೊಟ್ಟಿತು.

ಫೋಟೊ ಸಿಕ್ಕಿದ್ದು ಒಂದು ದೇಶದಲ್ಲಿ, ಮಕ್ಕಳು ಇನ್ನೆರಡು ದೇಶಗಳಲ್ಲಿ, ಆರೋಪಿಯ ಕೆಲಸ ಮತ್ತೊಂದರಲ್ಲಿ, ಪೌರತ್ವ ಇನ್ನೊಂದರಲ್ಲಿ, ಬಂಧನ ಮಗದೊಂದರಲ್ಲಿ. ಯಾವ ಒಂದು ದೇಶದ ಪೊಲೀಸರಿಗೂ ಇದು ಒಂಟಿಯಾಗಿ ಆಗುವ ಕೆಲಸವಲ್ಲ. ಇಂಥ ಕೇಸುಗಳಿಂದ ಪಾಠ ಕಲಿತೇ ಮಕ್ಕಳ ರಕ್ಷಣೆಯ ಅಂತಾರಾಷ್ಟ್ರೀಯ ಸಹಕಾರ ಗಟ್ಟಿಯಾಗುತ್ತ ಬಂದಿದೆ. ಆದರೆ ಈ ಸಹಕಾರದ ಒಂದು ಅರ್ಧ ತುಂಬ ಮುಂದೆ ಹೋಗಿದೆ, ಇನ್ನೊಂದು ಅರ್ಧ ಹಿಂದೆ ಉಳಿದಿದೆ. ಸುಳಿವು ಹಂಚಿಕೊಳ್ಳುವುದನ್ನು ದೇಶಗಳು ಚೆನ್ನಾಗಿ ಕಲಿತಿವೆ. ಮಗುವಿನ ಮಾತು ಕೇಳಿಸಿಕೊಳ್ಳುವ ವಿದ್ಯೆ ಮಾತ್ರ ಎಲ್ಲ ಕಡೆ ತಲುಪಿಲ್ಲ. ನಮ್ಮ ಕಡೆಗಂತೂ ಅರ್ಧ ದಾರಿಗೆ ಬಂದು ನಿಂತಿದೆ.

ಮೊದಲು ಸುಳಿವಿನ ದಾರಿ ನೋಡೋಣ.

ಅಮೆರಿಕದಲ್ಲಿ ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಅಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್ ಎಂಬ ಸಂಸ್ಥೆ ಇದೆ. 1998ರಿಂದ ಅದು ಸೈಬರ್‌ಟಿಪ್‌ಲೈನ್ ನಡೆಸುತ್ತಿದೆ. ಫೇಸ್‌ಬುಕ್, ಗೂಗಲ್‌ನಂಥ ಅಮೆರಿಕದ ಕಂಪನಿಗಳಿಗೆ ತಮ್ಮಲ್ಲಿ ಮಕ್ಕಳ ದೌರ್ಜನ್ಯದ ಚಿತ್ರ ಕಂಡರೆ ಇಲ್ಲಿಗೆ ತಿಳಿಸಲೇಬೇಕು ಎಂಬ ಕಾನೂನಿದೆ. ಕಂಡುಹಿಡಿಯುವುದಕ್ಕೆ 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಪ್ರೊಫೆಸರ್ ಹ್ಯಾನಿ ಫರೀದ್ ಸೇರಿ ರೂಪಿಸಿದ ಫೋಟೊಡಿಎನ್ಎಯಂಥ ತಂತ್ರ ಬಳಸುತ್ತಾರೆ. ಒಂದು ಸಲ ಗುರುತು ಮಾಡಿದ ಚಿತ್ರಕ್ಕೆ ಒಂದು ಅಂಕಿಯ ಗುರುತು ಹಾಕುತ್ತಾರೆ. ಅದೇ ಚಿತ್ರ ಮತ್ತೆಲ್ಲಾದರೂ ಕಾಣಿಸಿಕೊಂಡರೆ, ಸ್ವಲ್ಪ ಕತ್ತರಿಸಿದ್ದರೂ, ಅಳತೆ ಬದಲಿಸಿದ್ದರೂ ಯಂತ್ರಕ್ಕೆ ಸಿಕ್ಕಿಬೀಳುತ್ತದೆ. ದೂರು ಯಾವ ದೇಶಕ್ಕೆ ಸೇರಿದ್ದೋ ಆ ದೇಶಕ್ಕೆ ಹೋಗುತ್ತದೆ.

ಭಾರತ 2019ರಲ್ಲಿ ಈ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಅಂದಿನಿಂದ ಸುಳಿವುಗಳು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಬಂದು, ಅಲ್ಲಿಂದ ರಾಜ್ಯಗಳಿಗೆ ಹಂಚಿಕೆಯಾಗುತ್ತ ಬಂದಿವೆ. ನಮ್ಮ ಕರ್ನಾಟಕದಲ್ಲಿ ರಾಜ್ಯ ಪೊಲೀಸರ ಸೈಬರ್ ವಿಭಾಗದ ಮೂಲಕ ಜಿಲ್ಲೆಗಳ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿಗೆ ಇಳಿಯುತ್ತವೆ. ಒಂದು ಐಪಿ ವಿಳಾಸ, ಒಂದು ಫೋನ್ ನಂಬರು, ದಿನಾಂಕ, ಸಮಯ, ಚಿತ್ರ. ಕ್ಯಾಲಿಫೋರ್ನಿಯಾದ ಸರ್ವರ್‌ನಲ್ಲಿ ಕಂಡ ಒಂದು ಫೈಲು ಹೀಗೆ ಕಲಬುರಗಿಯಲ್ಲೋ ಹಾಸನದಲ್ಲೋ ಒಬ್ಬ ಸಬ್ ಇನ್ಸ್‌ಪೆಕ್ಟರ್ ಮೇಜಿಗೆ ಬರುತ್ತದೆ.

2023ರಲ್ಲಿ ಸೈಬರ್‌ಟಿಪ್‌ಲೈನ್‌ಗೆ ಬಂದ ವರದಿಗಳು ಸುಮಾರು 3.6 ಕೋಟಿ. ಅದರಲ್ಲಿ ಭಾರತಕ್ಕೆ ಸೇರಿದವು 89 ಲಕ್ಷದ ಆಸುಪಾಸು, ಬೇರೆ ಎಲ್ಲ ದೇಶಗಳಿಗಿಂತ ಜಾಸ್ತಿ. ಈ ಅಂಕಿ ನೋಡಿ ನಮ್ಮ ಟಿವಿಗಳಲ್ಲಿ ಗಲಾಟೆಯೂ ಆಯಿತು. ಆದರೆ 89 ಲಕ್ಷ ವರದಿ ಎಂದರೆ 89 ಲಕ್ಷ ಮಕ್ಕಳು ಎಂದಲ್ಲ, 89 ಲಕ್ಷ ಅಪರಾಧಿಗಳು ಎಂದೂ ಅಲ್ಲ. ನಮ್ಮಲ್ಲಿ ಈ ಆ್ಯಪ್‌ಗಳನ್ನು ಬಳಸುವವರೇ ಕೋಟಿಗಟ್ಟಲೆ. ಒಂದೇ ವಿಡಿಯೊ ಸಾವಿರಾರು ಸಲ ವರದಿಯಾಗುತ್ತದೆ. ಫೇಸ್‌ಬುಕ್ 2020ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ತಾನು ಕಳಿಸಿದ ವರದಿಗಳನ್ನು ಪರಿಶೀಲಿಸಿತ್ತು. ಶೇ 90ಕ್ಕೂ ಹೆಚ್ಚು ಹಿಂದೆಯೇ ವರದಿಯಾಗಿದ್ದ ಚಿತ್ರಗಳೇ ಅಥವಾ ಅವನ್ನು ಹೋಲುವಂಥವೇ. ಅರ್ಧಕ್ಕಿಂತ ಹೆಚ್ಚಿನವು ಬರೀ ಆರು ವಿಡಿಯೊಗಳ ನಕಲುಗಳು.

ಆರು ವಿಡಿಯೊ! ಇದು ಓದಿದಾಗ ನನಗೆ ಮೊದಲು ಹೊಳೆದದ್ದು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳು. 'ಈ ರಾಕ್ಷಸನನ್ನು ಹಿಡಿಯುವವರೆಗೂ ಶೇರ್ ಮಾಡಿ' ಎಂದು ಮಗುವಿನ ವಿಡಿಯೊವನ್ನೇ ಕಳಿಸುವವರು ಇದ್ದಾರಲ್ಲ, ಅವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಆ ಮಗುವಿಗೆ ಪ್ರತಿ ಫಾರ್ವರ್ಡೂ ಮತ್ತೊಂದು ಗಾಯ. ಕಾನೂನಿನ ಕಣ್ಣಲ್ಲಿ ಅದು ಅಪರಾಧವೂ ಹೌದು. ಇಂಥ ಚಿತ್ರಗಳನ್ನು ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾಡಬೇಕಾದ್ದು ಇಷ್ಟೇ: ಯಾರಿಗೂ ಕಳಿಸದೆ ಸೈಬರ್ ಸಹಾಯವಾಣಿ 1930ಕ್ಕೋ ಸೈಬರ್ ಕ್ರೈಂ ಪೋರ್ಟಲ್‌ಗೋ ತಿಳಿಸುವುದು.

2024ರಲ್ಲಿ ಒಟ್ಟು ವರದಿಗಳು ಸುಮಾರು 2 ಕೋಟಿಗೆ ಇಳಿದವು. ಅಪರಾಧ ಕಡಿಮೆಯಾಯಿತು ಎಂದುಕೊಳ್ಳುವಂತಿಲ್ಲ. ಒಂದೇ ಘಟನೆಯ ಹಲವು ವರದಿಗಳನ್ನು ಒಂದೇ ಕಟ್ಟಾಗಿ ಕಳಿಸುವ ವ್ಯವಸ್ಥೆ ಬಂದದ್ದು ಒಂದು ಕಾರಣ. ಇನ್ನೊಂದು ಕಳವಳದ ವಿಷಯ: 2023ರ ಡಿಸೆಂಬರ್‌ನಿಂದ ಫೇಸ್‌ಬುಕ್ ಮೆಸೆಂಜರ್‌ನ ಸಂದೇಶಗಳು ತಾವಾಗಿಯೇ ಎನ್‌ಕ್ರಿಪ್ಟ್ ಆಗತೊಡಗಿದವು. ಕಂಪನಿಗೇ ಸಂದೇಶದೊಳಗೆ ಏನಿದೆ ಎಂದು ಕಾಣದಿದ್ದರೆ ವರದಿ ಎಲ್ಲಿಂದ ಬರಬೇಕು? ಎಲ್ಲರ ಖಾಸಗಿತನವೂ ಬೇಕು, ಮಕ್ಕಳ ರಕ್ಷಣೆಯೂ ಬೇಕು. ಈ ಜಗಳ ಇನ್ನೂ ಯಾವ ದೇಶದಲ್ಲೂ ಬಗೆಹರಿದಿಲ್ಲ.

ಸಂಖ್ಯೆಗಳಿಗಿಂತ ನನಗೆ ಮುಖ್ಯ ಅನಿಸುವುದು ಬೇರೊಂದು ಕೆಲಸ. ಸುಳಿವು ಹಿಡಿದು ಹೋದರೆ ಸಿಗುವುದು ಸಾಮಾನ್ಯವಾಗಿ ಚಿತ್ರ ಹಂಚಿದವನು. ಚಿತ್ರದಲ್ಲಿರುವ ಮಗು ಎಲ್ಲಿದೆ ಎಂದು ಹುಡುಕುವುದು ಬೇರೆಯೇ ವಿದ್ಯೆ. ಇಂಟರ್‌ಪೋಲ್ 2009ರಿಂದ ಇದಕ್ಕಾಗಿಯೇ ಒಂದು ಚಿತ್ರಭಂಡಾರ ನಡೆಸುತ್ತಿದೆ. ಅಲ್ಲಿ ಕೆಲಸ ಮಾಡುವ ತಜ್ಞರು ಮಗುವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತಾರೆ. ಗೋಡೆಯ ಸ್ವಿಚ್ ಬೋರ್ಡು, ನೆಲದ ಟೈಲ್ಸು, ಕಿಟಕಿ ಪರದೆ, ಮೂಲೆಯಲ್ಲಿ ಬಿದ್ದ ಅಂಗಡಿ ಚೀಲ, ಕ್ಯಾಲೆಂಡರು, ಹೊರಗಿನಿಂದ ಕೇಳುವ ಶಬ್ದ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಿಂದ ಇಂಥ ವಸ್ತುಗಳ ಚೂರು ಚಿತ್ರಗಳನ್ನಷ್ಟೇ ಕತ್ತರಿಸಿ ಸಾರ್ವಜನಿಕರ ಮುಂದೆ ಇಡುತ್ತಿದೆ: ಈ ಅಂಗಿ ಎಲ್ಲಿ ಮಾರುತ್ತಾರೆ, ಈ ಬಾಟಲಿ ಯಾವ ದೇಶದ್ದು, ಗೊತ್ತಿದ್ದರೆ ಹೇಳಿ.

ಇಲ್ಲಿ ಪ್ರತಿ ದೇಶದ ಕಣ್ಣೂ ಕಿವಿಯೂ ಬೇಕಾಗುತ್ತದೆ. ಒಂದು ವಿಡಿಯೊದ ಹಿಂದೆ ಟಿವಿಯಲ್ಲಿ ಕನ್ನಡ ಧಾರಾವಾಹಿ ಓಡುತ್ತಿದೆ ಅಂದುಕೊಳ್ಳಿ. ಇಂಟರ್‌ಪೋಲ್ ಕಚೇರಿ ಇರುವ ಫ್ರಾನ್ಸಿನ ಲಿಯಾನ್‌ನಲ್ಲಿ ಕೂತ ತಜ್ಞನಿಗೆ ಅದು ಯಾವುದೋ ಭಾಷೆ. ನಮ್ಮ ಪೊಲೀಸರೊಬ್ಬರು ಕೇಳಿದರೆ ಭಾಷೆ ಮಾತ್ರವಲ್ಲ, ಕೋಣೆಯಲ್ಲಿ ಮಾತಾಡುವವರು ಯಾವ ಕಡೆಯವರು ಎಂಬುದನ್ನೂ ಹೇಳಿಬಿಡುತ್ತಾರೆ. ಭಾರತ ಸಿಬಿಐ ಮೂಲಕ ಈ ಭಂಡಾರಕ್ಕೆ ಸೇರಿದ್ದು 2022ರಲ್ಲಿ, 68ನೇ ದೇಶವಾಗಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂಜಿಲೆಂಡ್ ಪೊಲೀಸರ ಮಾಹಿತಿ ಇಂಟರ್‌ಪೋಲ್‌ನ ಸಿಂಗಪುರ ಘಟಕದ ಮೂಲಕ ಬಂದು, ಸಿಬಿಐ 'ಮೇಘಚಕ್ರ' ಹೆಸರಿನಲ್ಲಿ ದೇಶದ 50ಕ್ಕೂ ಹೆಚ್ಚು ಕಡೆ ದಾಳಿ ಮಾಡಿತು. ದಾಳಿಗಳು ಸುದ್ದಿಯಾಗುತ್ತವೆ. ಮಗುವನ್ನು ಗುರುತಿಸುವ ಕೆಲಸ ಸುದ್ದಿಯಾಗುವುದಿಲ್ಲ, ಅದಕ್ಕೇ ಅದಕ್ಕೆ ಸಿಬ್ಬಂದಿಯೂ ಸಿಗುವುದಿಲ್ಲ. ಜಿಲ್ಲೆಯ ಸಿಇಎನ್ ಠಾಣೆಗೆ ಆನ್‌ಲೈನ್ ಹಣ ವಂಚನೆ, ಗಾಂಜಾ, ಎಲ್ಲವೂ ಒಟ್ಟಿಗೆ ಬರುತ್ತವೆ. ಅದರ ಮಧ್ಯೆ ಒಂದು ಟೈಲ್ಸಿನ ವಿನ್ಯಾಸ ಹಿಡಿದು ಮಗುವನ್ನು ಹುಡುಕಲು ಯಾರಿಗೆ ಪುರುಸೊತ್ತು?

ಆರೋಪಿ ಗಡಿ ದಾಟಿ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈಯ ಆ್ಯಂಕರೇಜ್ ಅನಾಥಾಶ್ರಮದ ಕೇಸು ನಮ್ಮ ದೇಶದ ದೊಡ್ಡ ಪಾಠ. ಆಶ್ರಮದ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರೆಂದು ಬ್ರಿಟನ್ನಿನ ಡಂಕನ್ ಗ್ರಾಂಟ್ ಮತ್ತು ಅಲನ್ ವಾಟರ್ಸ್ ಮೇಲೆ 2001ರಲ್ಲಿ ದೂರು ಬಂತು. ಇಬ್ಬರೂ ದೇಶ ಬಿಟ್ಟಿದ್ದರು. ವಾಟರ್ಸ್ 2003ರಲ್ಲಿ ನ್ಯೂಯಾರ್ಕ್‌ನಲ್ಲಿ ಸಿಕ್ಕಿಬಿದ್ದ, ಅಮೆರಿಕ ಅವನನ್ನು ಭಾರತಕ್ಕೆ ಒಪ್ಪಿಸಿತು. ಗ್ರಾಂಟ್ ಆಮೇಲೆ ತಾನಾಗಿ ಶರಣಾದ. 2006ರಲ್ಲಿ ಶಿಕ್ಷೆ, 2008ರಲ್ಲಿ ಹೈಕೋರ್ಟಿನಲ್ಲಿ ಖುಲಾಸೆ, 2011ರಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೆ ಶಿಕ್ಷೆ. ದೂರಿನಿಂದ ಇಲ್ಲಿಗೆ ಹತ್ತು ವರ್ಷ. ಆಶ್ರಮದ ಹುಡುಗರು ಅಷ್ಟರಲ್ಲಿ ಗಂಡಸರಾಗಿದ್ದರು. ಈ ಇಡೀ ಕೇಸು ನಿಂತದ್ದು ಬೀದಿಯಲ್ಲಿ ಬೆಳೆದ, ಹೇಳಿಕೆಯಲ್ಲಿ ಅಲ್ಲಲ್ಲಿ ವ್ಯತ್ಯಾಸವಿದ್ದ ಹುಡುಗರ ಮಾತಿನ ಮೇಲೆ. ಅವರ ಮಾತನ್ನು ನಂಬಬೇಕೋ ಬೇಡವೋ ಎಂಬಲ್ಲೇ ಎರಡು ಕೋರ್ಟುಗಳು ಬೇರೆಯಾದವು.

ಹಿಂದೆ ಉಳಿದಿರುವ ಅರ್ಧ ಎಂದೆನಲ್ಲ, ಅದು ಇದು. ಮಗುವನ್ನು ಹೇಗೆ ಕೇಳಬೇಕು, ಎಲ್ಲಿ ಕೂರಿಸಿ ಕೇಳಬೇಕು, ಯಾರು ಕೇಳಬೇಕು?

ಇದನ್ನು ಜಗತ್ತು ಕಲಿತದ್ದು ತಪ್ಪು ಮಾಡಿಯೇ. 1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಎಂಬ ಶಿಶುವಿಹಾರದ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ದೂರು ಬಂತು. ನೂರಾರು ಪುಟ್ಟ ಮಕ್ಕಳನ್ನು ಬೊಂಬೆ ಹಿಡಿದು, ಒತ್ತಾಯ ಮಾಡಿ, ಉತ್ತರವನ್ನು ತಾವೇ ಬಾಯಿಗೆ ಹಾಕಿ ಕೇಳಿದರು. 'ಬೇರೆ ಮಕ್ಕಳೆಲ್ಲ ಹೇಳಿಬಿಟ್ಟಿದ್ದಾರೆ, ನೀನೂ ಹೇಳು' ಎಂಬ ಧಾಟಿ. ಮಕ್ಕಳು ಆಗಲು ಸಾಧ್ಯವೇ ಇಲ್ಲದ ಸಂಗತಿಗಳನ್ನೂ ಹೇಳತೊಡಗಿದರು. ಏಳು ವರ್ಷ ವಿಚಾರಣೆ ನಡೆದು 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಹೀಗೆ ಕೇಳಿದರೆ ನಿರಪರಾಧಿಗೆ ಕಳಂಕ ಹತ್ತಬಹುದು, ನಿಜವಾಗಿ ನೊಂದ ಮಗುವಿನ ಮಾತೂ ಕೋರ್ಟಿನಲ್ಲಿ ಬಿದ್ದುಹೋಗಬಹುದು.

ಆಮೇಲೆ ಮೈಕಲ್ ಲ್ಯಾಂಬ್ ಎಂಬ ಮನಶ್ಶಾಸ್ತ್ರಜ್ಞ, ಇಸ್ರೇಲಿನ ಸಂಶೋಧಕರ ಜೊತೆ ಸೇರಿ 1990ರ ದಶಕದಲ್ಲಿ ಒಂದು ಪ್ರಶ್ನಾಕ್ರಮ ಕಟ್ಟಿದರು. ಲ್ಯಾಂಬ್ ಕೆಲಸ ಮಾಡುತ್ತಿದ್ದ ಅಮೆರಿಕದ ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆಯ ಹೆಸರಿನಿಂದ ಎನ್‌ಐಸಿಎಚ್‌ಡಿ ಪ್ರೋಟೋಕಾಲ್ ಎಂದೇ ಅದಕ್ಕೆ ಹೆಸರು. ಇಸ್ರೇಲಿಗೆ ಇದರಲ್ಲಿ ಹಳೆಯ ಅನುಭವ ಇತ್ತು. 1955ರಿಂದಲೇ ಅಲ್ಲಿ ಮಕ್ಕಳ ಹೇಳಿಕೆ ಪಡೆಯಲು ಪ್ರತ್ಯೇಕ ತನಿಖಾಧಿಕಾರಿಗಳಿದ್ದರು. ಇಸ್ರೇಲ್, ಅಮೆರಿಕ, ಬ್ರಿಟನ್‌ನ ನಿಜವಾದ ಕೇಸುಗಳಲ್ಲಿ ಬಳಸಿ ನೋಡಿ ತಿದ್ದಿದ ಕ್ರಮ ಇದು. ಇವತ್ತು ಹತ್ತಾರು ದೇಶಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಬಳಕೆಯಲ್ಲಿದೆ.

ಇದರ ತಿರುಳು ಸರಳ. 'ಮಾಮ ನಿನ್ನನ್ನು ಮುಟ್ಟಿದನಾ?' ಎಂದು ಕೇಳಿದರೆ ಮಗು ಹೌದು ಅಥವಾ ಇಲ್ಲ ಎನ್ನುತ್ತದೆ, ಎರಡರಿಂದಲೂ ಪ್ರಯೋಜನ ಕಡಿಮೆ. ಮೊದಲು ಅದಕ್ಕೆ ಇಷ್ಟವಾದ ವಿಷಯ ಮಾತಾಡಿಸಬೇಕು. ಹಬ್ಬದ ದಿನ ಏನೇನಾಯ್ತು, ಎದ್ದಾಗಿನಿಂದ ಹೇಳು ಪುಟ್ಟಿ ಎಂದು ಕೇಳಿ, ನಡೆದದ್ದನ್ನು ಸಾಲಾಗಿ ಹೇಳುವ ಅಭ್ಯಾಸ ಮಾಡಿಸಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದು, ನಾನು ತಪ್ಪು ಹೇಳಿದರೆ ನನ್ನನ್ನೇ ತಿದ್ದಬಹುದು ಎಂದು ಹೇಳಿಕೊಡಬೇಕು. ಆಮೇಲೆ 'ಇವತ್ತು ಇಲ್ಲಿಗೆ ಯಾಕೆ ಬಂದೆ, ಹೇಳು' ಎಂದು ಬಿಟ್ಟು ಕಾಯಬೇಕು. ಮಗು ಒಂದು ಮಾತು ಹೇಳಿದರೆ 'ಆಮೇಲೆ?', 'ಅದರ ಬಗ್ಗೆ ಇನ್ನಷ್ಟು ಹೇಳು'. ಅಷ್ಟೇ. ಕಷ್ಟವಿರುವುದು ಆ ಕಾಯುವುದರಲ್ಲಿ. ಮಗು ಸುಮ್ನೆ ಕೂತಾಗ ದೊಡ್ಡವರಿಗೆ ತಡೆಯಲಾಗುವುದಿಲ್ಲ, ಉತ್ತರ ಸೂಚಿಸಿಬಿಡುತ್ತೇವೆ. ತರಬೇತಿ ಪಡೆದವರೂ ಕೆಲವು ತಿಂಗಳಲ್ಲಿ ಹಳೇ ಚಾಳಿಗೆ ಮರಳುತ್ತಾರೆ ಎಂಬುದೂ ಸಂಶೋಧನೆಯಲ್ಲಿ ಕಂಡಿದೆ. ಅದಕ್ಕೇ ಒಂದು ದಿನದ ಕಾರ್ಯಾಗಾರ ಸಾಲದು, ತಮ್ಮ ರೆಕಾರ್ಡಿಂಗನ್ನು ಬೇರೆಯವರ ಜೊತೆ ಕೂತು ಮತ್ತೆ ಮತ್ತೆ ಕೇಳಿ ತಿದ್ದಿಕೊಳ್ಳಬೇಕು.

ವೈದ್ಯರ ಕಡೆಯಿಂದಲೂ ಹೀಗೇ ಒಂದು ವಿದ್ಯೆ ದೇಶ ದೇಶ ತಿರುಗಿದೆ. 1946ರಲ್ಲಿ ಜಾನ್ ಕ್ಯಾಫಿ ಎಂಬ ಎಕ್ಸ್‌ರೇ ತಜ್ಞರು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದ ಆರು ಎಳೆ ಮಕ್ಕಳಲ್ಲಿ ಕಾರಣ ತಿಳಿಯದ ಮೂಳೆ ಮುರಿತಗಳನ್ನು ಗುರುತಿಸಿದರು. 1962ರಲ್ಲಿ ಡೆನ್ವರ್‌ನ ಹೆನ್ರಿ ಕೆಂಪ್ ಮತ್ತು ಜೊತೆಯವರು, ಇದು ಹೆತ್ತವರೋ ಸಾಕುವವರೋ ಹೊಡೆದದ್ದರ ಪರಿಣಾಮ ಎಂದು ನೇರವಾಗಿ ಬರೆದರು. ಅದೇ ಕೆಂಪ್ ಮುಂದೆ ನಿಂತು 1977ರಲ್ಲಿ ಇಸ್ಪ್‌ಕ್ಯಾನ್ ಎಂಬ ಅಂತಾರಾಷ್ಟ್ರೀಯ ಸಂಘ ಕಟ್ಟಿದರು. ಡಾಕ್ಟರು, ವಕೀಲರು, ಸಮಾಜ ಕಾರ್ಯಕರ್ತರು, ಪೊಲೀಸರು ಒಂದೇ ಮೇಜಿನಲ್ಲಿ ಕೂರುವ ಜಾಗ ಅದು. ಮಕ್ಕಳ ಮೇಲಿನ ಹಿಂಸೆ ಅಳೆಯಲು ಅದು ರೂಪಿಸಿದ ಪ್ರಶ್ನಾವಳಿಯನ್ನು ಐಸ್‌ಲೆಂಡ್, ರಷ್ಯಾ, ಕೊಲಂಬಿಯಾ ಜೊತೆಗೆ ಭಾರತದ ಮಕ್ಕಳೂ ತುಂಬಿ ಪರೀಕ್ಷಿಸಿದರು. ಲೈಂಗಿಕ ದೌರ್ಜನ್ಯವಾದ ಬಹಳಷ್ಟು ಮಕ್ಕಳ ದೇಹದಲ್ಲಿ ಗಾಯವೇ ಕಾಣುವುದಿಲ್ಲ ಎಂಬುದೂ ಇಂಥ ಹಂಚಿಕೆಯಿಂದಲೇ ಗಟ್ಟಿಯಾದ ತಿಳಿವಳಿಕೆ. ಡಾಕ್ಟರ ವರದಿಯಲ್ಲಿ ಏನೂ ಇಲ್ಲ, ಹಾಗಾಗಿ ಏನೂ ಆಗಿಲ್ಲ ಎಂಬ ವಾದ ನಮ್ಮ ಕೋರ್ಟುಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಅದಕ್ಕೆ ಉತ್ತರ ಆ ಅಧ್ಯಯನಗಳಲ್ಲಿದೆ.

ಈ ಎಲ್ಲ ವಿದ್ಯೆಯನ್ನು ಒಂದೇ ಸೂರಿನಡಿ ತಂದದ್ದು ಅಮೆರಿಕದ ಅಲಬಾಮಾದ ಹಂಟ್ಸ್‌ವಿಲ್ ಎಂಬ ಊರು. 1985ರಲ್ಲಿ ಅಲ್ಲಿನ ಸರ್ಕಾರಿ ವಕೀಲ ಬಡ್ ಕ್ರೇಮರ್, ಮಗುವೇ ಇಲಾಖೆಯಿಂದ ಇಲಾಖೆಗೆ ಅಲೆಯುವುದು ನಿಲ್ಲಲಿ, ಇಲಾಖೆಗಳೇ ಮಗು ಇರುವಲ್ಲಿಗೆ ಬರಲಿ ಎಂದು ಒಂದು ಕೇಂದ್ರ ತೆರೆದರು. ಐಸ್‌ಲೆಂಡಿನ ಬ್ರಾಗಿ ಗುಡ್‌ಬ್ರಾಂಡ್ಸನ್ ಆ ಮಾದರಿಯನ್ನು ತಮ್ಮ ದೇಶಕ್ಕೆ ಒಯ್ದು 1998ರಲ್ಲಿ 'ಬಾರ್ನಾಹುಸ್' ಶುರು ಮಾಡಿದರು. ಮಕ್ಕಳ ಮನೆ ಎಂದು ಅರ್ಥ. ನೋಡಲೂ ಮನೆಯೇ. ಒಂದು ಕೋಣೆಯಲ್ಲಿ ಮಗು ಮತ್ತು ಪರಿಣತ ಸಂದರ್ಶಕಿ ಇಬ್ಬರೇ. ಇನ್ನೊಂದು ಕೋಣೆಯಲ್ಲಿ ನ್ಯಾಯಾಧೀಶರು, ಪೊಲೀಸ್, ಸರ್ಕಾರಿ ವಕೀಲ, ಆರೋಪಿಯ ವಕೀಲ, ಮಕ್ಕಳ ಇಲಾಖೆಯವರು ಪರದೆಯ ಮೇಲೆ ನೋಡುತ್ತಾರೆ. ಅವರ ಪ್ರಶ್ನೆಯಿದ್ದರೆ ಸಂದರ್ಶಕಿಯ ಮೂಲಕ ಹೋಗುತ್ತದೆ. ವೈದ್ಯಕೀಯ ತಪಾಸಣೆ, ಆಮೇಲಿನ ಕೌನ್ಸೆಲಿಂಗ್ ಅದೇ ಮನೆಯಲ್ಲಿ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಿಗೆ ಇದು ಹಬ್ಬಿತು. ಅಮೆರಿಕದ ಮಾದರಿಗೆ ಐಸ್‌ಲೆಂಡ್ ಸೇರಿಸಿದ ಮುಖ್ಯ ಅಂಶವೆಂದರೆ ನ್ಯಾಯಾಧೀಶರ ಮೇಲ್ವಿಚಾರಣೆಯಲ್ಲಿ ಆದ ಆ ಸಂದರ್ಶನವೇ ಸಾಕ್ಷ್ಯ. ಮಗು ಮತ್ತೆ ಕೋರ್ಟು ಹತ್ತಬೇಕಿಲ್ಲ.

ಈಗ ನಮ್ಮ ಕಡೆ ಬನ್ನಿ. 2012ರ ನವೆಂಬರ್ 14ರಂದು ಜಾರಿಯಾದ ಪೋಕ್ಸೊ ಕಾಯ್ದೆ ಓದಲು ಚೆನ್ನಾಗಿದೆ. ಪೊಲೀಸರು ಸಮವಸ್ತ್ರದಲ್ಲಿ ಬರಬಾರದು, ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಪಡೆಯಬೇಕು, ಆರೋಪಿ ಕಣ್ಣಿಗೆ ಬೀಳಬಾರದು, ವಕೀಲರ ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಹೋಗಬೇಕು, ಮಗುವನ್ನು ಪದೇ ಪದೇ ಕೋರ್ಟಿಗೆ ಕರೆಸಬಾರದು. 1992ರಲ್ಲಿ ಭಾರತ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಕಾಯ್ದೆ ತನ್ನ ಪೀಠಿಕೆಯಲ್ಲೇ ನೆನೆಯುತ್ತದೆ.

ಆದರೆ ಎಣಿಸಿ ನೋಡಿ. ಮಗು ಮೊದಲು ಅಮ್ಮನಿಗೋ ಟೀಚರಿಗೋ ಹೇಳುತ್ತದೆ. ಆಮೇಲೆ ಪೊಲೀಸರಿಗೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಮ್ಯಾಜಿಸ್ಟ್ರೇಟರ ಮುಂದೆ. ಕೊನೆಗೆ ವಿಶೇಷ ಕೋರ್ಟಿನಲ್ಲಿ, ಪಾಟೀಸವಾಲಿನ ಸಮೇತ. ಕೋರ್ಟು ಕೇಸನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ವಿಶೇಷ ಕೋರ್ಟುಗಳನ್ನು ಅಧ್ಯಯನ ಮಾಡಿ, ಕಾಯ್ದೆಯಲ್ಲಿರುವುದಕ್ಕೂ ಕೋರ್ಟಿನಲ್ಲಿ ನಡೆಯುವುದಕ್ಕೂ ಎಷ್ಟು ದೂರವಿದೆ ಎಂದು ತೋರಿಸಿದೆ.

ಮಕ್ಕಳ ಸ್ನೇಹಿ ಕೋರ್ಟು ಎಂದರೆ ಗೋಡೆಗೆ ಕಾರ್ಟೂನ್ ಬರೆಸುವುದು ಎಂದು ನಮ್ಮವರು ತಿಳಿದಂತಿದೆ. ಪ್ರತಿ ಜಿಲ್ಲೆಯಲ್ಲೂ ಇಂಥ ಸಾಕ್ಷಿಗಳಿಗೆ ಪ್ರತ್ಯೇಕ ಕೇಂದ್ರ ಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಒಳ್ಳೆಯದೇ ಆಯಿತು. ಆದರೆ ನನ್ನ ಪ್ರಕಾರ ಗಂಟು ಕಟ್ಟಡದಲ್ಲಿಲ್ಲ, ಕಾನೂನಿನಲ್ಲಿದೆ. ಮೊದಲ ಹೇಳಿಕೆಯನ್ನು ಎಷ್ಟೇ ಚೆನ್ನಾಗಿ ವಿಡಿಯೊ ಮಾಡಿದರೂ ನಮ್ಮಲ್ಲಿ ಅದೇ ಪೂರ್ಣ ಸಾಕ್ಷ್ಯವಾಗುವುದಿಲ್ಲ. ಮಗು ಕೋರ್ಟಿನ ಎದುರು ಮತ್ತೆ ಹೇಳಬೇಕು, ಆರೋಪಿ ಕಡೆಯವರು ಪ್ರಶ್ನಿಸಬೇಕು. ಆರೋಪಿಗೆ ಪ್ರಶ್ನಿಸುವ ಹಕ್ಕು ಇರಲೇಬೇಕು, ಅದನ್ನು ಕಿತ್ತುಕೊಳ್ಳುವಂತಿಲ್ಲ. ಐಸ್‌ಲೆಂಡ್ ಆ ಹಕ್ಕನ್ನು ಕಿತ್ತುಕೊಳ್ಳಲಿಲ್ಲ, ಸಮಯವನ್ನಷ್ಟೇ ಬದಲಿಸಿತು. ಘಟನೆಯಾಗಿ ಎರಡು ಮೂರು ವರ್ಷದ ಮೇಲೆ ಕೇಳುವ ಪ್ರಶ್ನೆಯನ್ನು ಮೊದಲ ವಾರಗಳಲ್ಲೇ, ಬೇರೆ ಕೋಣೆಯಿಂದ ಕೇಳುವ ಹಾಗೆ ಮಾಡಿತು. ಈ ತಿದ್ದುಪಡಿಯ ಬಗ್ಗೆ ನಮ್ಮಲ್ಲಿ ಗಂಭೀರ ಚರ್ಚೆಯೇ ಆಗಿಲ್ಲ.

ಇದರ ಅರ್ಥ ಇಲ್ಲಿ ಕೆಲಸವೇ ಆಗಿಲ್ಲ ಎಂದಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಜೊತೆ ಸೇರಿ, ಡಾಕ್ಟರು, ಕೌನ್ಸೆಲರು, ಕಾನೂನು ನೆರವು ಒಂದೇ ಕಡೆ ಸಿಗುವ ಘಟಕವನ್ನು ಪೋಕ್ಸೊ ಬರುವ ಮೊದಲೇ ಆರಂಭಿಸಿತ್ತು. ನಿಮ್ಹಾನ್ಸ್‌ನ ಸಂವಾದ್ ಕೇಂದ್ರ 2020ರಿಂದ ದೇಶದಾದ್ಯಂತ ಮಕ್ಕಳ ಕಲ್ಯಾಣ ಸಮಿತಿಯವರಿಗೆ, ಕೌನ್ಸೆಲರುಗಳಿಗೆ ಮಗುವಿನ ಜೊತೆ ಮಾತಾಡುವುದನ್ನು ಕಲಿಸುತ್ತಿದೆ. ವಿದ್ಯೆ ಬರೀ ಹೊರಗಿನಿಂದ ಒಳಗೆ ಬಂದದ್ದೂ ಅಲ್ಲ. 1996ರಲ್ಲಿ ಜೆರೂ ಬಿಲಿಮೋರಿಯಾ ಮುಂಬೈಯಲ್ಲಿ ಬೀದಿ ಮಕ್ಕಳಿಗಾಗಿ ಶುರು ಮಾಡಿದ 1098 ಸಹಾಯವಾಣಿಯ ಅನುಭವದ ಮೇಲೆಯೇ 2003ರಲ್ಲಿ ಚೈಲ್ಡ್ ಹೆಲ್ಪ್‌ಲೈನ್ ಇಂಟರ್‌ನ್ಯಾಷನಲ್ ಎದ್ದಿತು. ನೂರಕ್ಕೂ ಹೆಚ್ಚು ದೇಶಗಳ ಸಹಾಯವಾಣಿಗಳು ಇವತ್ತು ಆ ಜಾಲದಲ್ಲಿವೆ.

ನಮ್ಮ ದೊಡ್ಡ ತೊಂದರೆ ವರ್ಗಾವಣೆ. ಒಬ್ಬ ಮಹಿಳಾ ಎಸ್‌ಐ ಬೆಂಗಳೂರಿಗೆ ಬಂದು ತರಬೇತಿ ಪಡೆದು ಹೋಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಟ್ರಾಫಿಕ್‌ಗೋ ಬಂದೋಬಸ್ತ್‌ಗೋ ಹೋಗಿರುತ್ತಾರೆ. ಬಂದವರು ಮತ್ತೆ ಮೊದಲಿನಿಂದ ಕಲಿಯಬೇಕು. ಇಸ್ರೇಲಿನಲ್ಲಿ ಮಕ್ಕಳ ಸಂದರ್ಶನ ಒಂದು ವೃತ್ತಿ, ನಮ್ಮಲ್ಲಿ ಅದು ಹೆಚ್ಚುವರಿ ಡ್ಯೂಟಿ. ಭಾಷೆಯ ಕಷ್ಟವೂ ಇದೆ. ಮನೆಯಲ್ಲಿ ಬ್ಯಾರಿ, ಲಂಬಾಣಿ, ಉರ್ದು, ತುಳು ಮಾತಾಡುವ ಆರು ವರ್ಷದ ಮಗು ಕಚೇರಿ ಕನ್ನಡದಲ್ಲಿ ತನಗಾದದ್ದನ್ನು ಹೇಗೆ ಹೇಳುತ್ತದೆ? ಅನುವಾದಕರನ್ನು ಕೊಡಬೇಕೆಂದು ಕಾಯ್ದೆಯಲ್ಲಿದೆ. ಜಿಲ್ಲೆಯಲ್ಲಿ ಅಂಥವರ ಪಟ್ಟಿ ಸಿದ್ಧ ಇರಬೇಕು, ಅವರಿಗೂ ಮಗುವಿನ ಮಾತನ್ನು ತಿದ್ದದೆ ದಾಟಿಸುವ ತರಬೇತಿ ಬೇಕು.

ಇನ್ನು ಮಗುವಿನ ಪಕ್ಕದಲ್ಲಿ ನಿಲ್ಲುವ ಸಪೋರ್ಟ್ ಪರ್ಸನ್. ಠಾಣೆಯಿಂದ ತೀರ್ಪಿನವರೆಗೆ ಜೊತೆಗಿದ್ದು, ನಾಳೆ ಕೋರ್ಟಿನಲ್ಲಿ ಏನು ನಡೆಯುತ್ತದೆ ಎಂದು ಮಗುವಿಗೂ ಅಪ್ಪ ಅಮ್ಮನಿಗೂ ತಿಳಿಹೇಳುವವರು ಇವರು. ಬಾರ್ನಾಹುಸ್ ಕಟ್ಟಲು ವರ್ಷಗಳು ಬೇಕು, ಕಾನೂನು ತಿದ್ದಲು ಇನ್ನೂ ಜಾಸ್ತಿ. ಇದಕ್ಕೆ ಎರಡೂ ಬೇಡ. 2020ರ ನಿಯಮಗಳಲ್ಲಿ ಇವರ ಕೆಲಸ ವಿವರವಾಗಿದೆ, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಒತ್ತಿ ಹೇಳಿದೆ. ಇವರ ಹೆಸರಿನ ಪಟ್ಟಿ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಇರಬೇಕು. ನಿಮಗೆ ಗೊತ್ತಿರುವ ಯಾವುದೇ ಮಗುವಿನ ಕೇಸು ನಡೆಯುತ್ತಿದ್ದರೆ, ಸಪೋರ್ಟ್ ಪರ್ಸನ್ ಕೊಡಿ ಎಂದು ಮಕ್ಕಳ ಕಲ್ಯಾಣ ಸಮಿತಿಗೆ ಬರೆದುಕೊಡಲು ಆ ಮನೆಯವರಿಗೆ ಹೇಳಿ. ಒಂದು ಹಾಳೆಯ ಅರ್ಜಿ ಸಾಕು.